ಚಹಾ ತೋಟದ ಕಾಲುದಾರಿ ಹಿಡಿದು ಶ್ರೀಪಾದಕ್ಕೆ

ಶ್ರೀಲಂಕಾ ಅಂದರೆ ದೊಡ್ಡ ದೇಶವೇನಲ್ಲ. ವಿಸ್ತೀರ್ಣ 65,610 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದೂವರೆ ಗಂಟೆಗೆ ಕೊಲಂಬೊ. ಸುಳ್ಯದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕೂರುವ ಹೊತ್ತು ಇದಕ್ಕಿಂತ ಎಷ್ಟೋ ಜಾಸ್ತಿ. ಆದರೂ ಹೋಗಿ ಬಂದೆವು ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಬೀಚ್ ಹೇಗಿತ್ತು? ಅಶೋಕವನ ನೋಡಿದಿರಾ?

ಬೀಚಿಗೆ ನಾವು ಹೋಗಲಿಲ್ಲ. ಅಶೋಕವನ ಅಂತ ತೋರಿಸುವ ಸೀತಾ ಎಲಿಯದ ಗುಡಿ ನುವಾರಾ ಎಲಿಯಾ ಪಟ್ಟಣದ ಹತ್ತಿರವೇ ಇದೆ, ಆಸೆ ಇರುವವರು ಹೋಗಿ ಬನ್ನಿ, ನಮಗೆ ಆ ಕಡೆಗೂ ಹೋಗಲು ಆಗಲಿಲ್ಲ. ನಾವು ಮೂವರು, 2024ರ ಮಾರ್ಚ್‌ನಲ್ಲಿ, ಹತ್ತು ದಿನ ಹೋದದ್ದು ನಡೆಯಲಿಕ್ಕೆ. ಆಗ ಭಾರತೀಯರಿಗೆ ವೀಸಾ ಶುಲ್ಕ ಇರಲಿಲ್ಲ. ಬಸ್ಸು, ಸಾದಾ ರೈಲು, ಅಗ್ಗದ ರೂಮು ಅಂತ ಲೆಕ್ಕ ಹಾಕಿದರೆ ಒಬ್ಬರಿಗೆ ನಲವತ್ತು ಸಾವಿರದೊಳಗೆ ಮುಗಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ಆಮೇಲೆ ಎಲ್ಲರೂ ಕೇಳುವುದು ಅದನ್ನೇ.

ನಡೆಯಲು ಕೊಡಚಾದ್ರಿ ಇಲ್ಲವಾ, ಕುಮಾರ ಪರ್ವತ ಇಲ್ಲವಾ ಅಂತ ನೀವು ಕೇಳಬಹುದು. ಅದಕ್ಕೊಂದು ಕಾರಣ ಇತ್ತು.

ಸುಳ್ಯ, ಪುತ್ತೂರು ತಾಲೂಕುಗಳ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವ ಕುಟುಂಬಗಳಿವೆ. ಊರಿನವರು ಅವರನ್ನು ‘ಸಿಲೋನಿನವರು’ ಅನ್ನುತ್ತಾರೆ. ನಮ್ಮ ಜೊತೆ ಪತ್ರಿಕೋದ್ಯಮ ಓದಿದ ಗೆಳತಿಯೊಬ್ಬಳು ಅಂಥ ಮನೆಯವಳು. ಅವಳ ಅಜ್ಜಿ ಹುಟ್ಟಿದ್ದು ಶ್ರೀಲಂಕಾದ ಮಸ್ಕೆಲಿಯಾ ಹತ್ತಿರದ ಒಂದು ಚಹಾ ಎಸ್ಟೇಟಿನಲ್ಲಿ. 1970ರ ದಶಕದಲ್ಲಿ ಗಂಡ, ಕೈಗೂಸು, ಒಂದು ತಗಡಿನ ಪೆಟ್ಟಿಗೆಯ ಜೊತೆ ಇಲ್ಲಿಗೆ ಬಂದವರು. ಅವರ ಅಕ್ಕ ಅಲ್ಲೇ ಉಳಿದರು. ಕಾಗದ ಬರುತ್ತಿತ್ತು. 1983ರ ಗಲಾಟೆಯ ಆಮೇಲೆ ಅದೂ ನಿಂತಿತು.

ನಾವು ಲಂಕೆಗೆ ಹೋಗುವ ಯೋಚನೆ ಮಾಡಿದ್ದೇವೆ ಅಂತ ಗೊತ್ತಾದಾಗ ಅಜ್ಜಿ ಎಸ್ಟೇಟಿನ ಹೆಸರು, ಡಿವಿಷನ್ ಹೆಸರು, ಅಕ್ಕನ ಗಂಡನ ಹೆಸರು ಹೇಳಿ ಮೊಮ್ಮಗಳ ಕೈಲಿ ಚೀಟಿ ಬರೆಸಿದರು. ‘ಹೋಗುವುದಿದ್ದರೆ ನಡೆದೇ ಹೋಗಿ ಮಕ್ಕಳೇ. ಅಲ್ಲಿ ಎಲ್ಲ ನಡೆಯುವ ದಾರಿಯೇ’ ಅಂದರು.

ಆ ಹತ್ತು ದಿನದಲ್ಲಿ ನೋಡಿದ ಎಲ್ಲವನ್ನೂ ಬರೆಯಲು ಹೋಗುವುದಿಲ್ಲ. ಕ್ಯಾಂಡಿಯ ದಂತಮಂದಿರದ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ಸಿಗಿರಿಯ ಬಂಡೆಯ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು.

ಐದನೇ ಶತಮಾನದಲ್ಲಿ ಕಾಶ್ಯಪ ಅನ್ನುವ ರಾಜ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ. ಜನ ಅಲ್ಲಿಗೆ ಹೋಗುವುದು ಬಂಡೆಯ ಗುಹೆಯಲ್ಲಿರುವ ಹೆಂಗಸರ ಚಿತ್ರ ನೋಡಲು. ಚೆನ್ನಾಗಿವೆ. ಆದರೆ ನಮ್ಮನ್ನು ನಿಲ್ಲಿಸಿದ್ದು ಅದರ ಕೆಳಗಿನ ಕನ್ನಡಿ ಗೋಡೆ. ಮುಖ ಕಾಣುವಷ್ಟು ನುಣುಪು ಮಾಡಿದ್ದ ಗಾರೆಯ ಗೋಡೆ ಅದು. ರಾಜ ಸತ್ತು, ಅರಮನೆ ಹಾಳುಬಿದ್ದ ಮೇಲೆ ಅದನ್ನು ನೋಡಲು ಬಂದ ಜನ, ಸಾವಿರ ವರ್ಷದ ಹಿಂದಿನ ಪ್ರವಾಸಿಗರು, ಆ ಗೋಡೆ ಮೇಲೆ ಗೀಚಿದ್ದಾರೆ. ‘ಇಂಥ ಊರಿನ ಇಂಥವನು ಬರೆದದ್ದು’ ಅಂತ ಹೆಸರು ಹಾಕಿ ಪದ್ಯ ಬರೆದಿದ್ದಾರೆ. ಸೈನಿಕರು, ಭಿಕ್ಷುಗಳು, ಹೆಂಗಸರು ಎಲ್ಲರೂ ಇದ್ದಾರೆ. ಪುರಾತತ್ವ ವಿದ್ವಾಂಸ ಸೇನಾರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪುಸ್ತಕವಾಗಿ ಹೊರತಂದರು. ಹಂಪಿಯ ಕಂಬದ ಮೇಲೆ ಪ್ರೇಮಿಗಳ ಹೆಸರು ಕೆತ್ತುವವರಿಗೆ ಇದನ್ನು ಹೇಳಬೇಡಿ, ಸಾವಿರ ವರ್ಷ ಕಾಯುತ್ತೇವೆ ಅಂದಾರು. ಈಗ ಅಲ್ಲಿ ಗೀಚಿದರೆ ಜೈಲು. (ಟಿಕೆಟ್ ದುಬಾರಿ. ಪಾಸ್‌ಪೋರ್ಟ್ ತೋರಿಸಿದರೆ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಕೇಳಿ ಪಡೆಯಿರಿ.)

ನಮ್ಮ ನಡಿಗೆ ಶುರುವಾದದ್ದು ಕ್ಯಾಂಡಿ ಪಕ್ಕದ ಹಂತಾನ ಗುಡ್ಡದಲ್ಲಿ. ಅಲ್ಲೊಂದು ಹಳೇ ಚಹಾ ಫ್ಯಾಕ್ಟರಿಯನ್ನು ಮ್ಯೂಸಿಯಂ ಮಾಡಿದ್ದಾರೆ. ಅದರ ಎದುರಿನಿಂದ ‘ಪೀಕೋ ಟ್ರೇಲ್’ ಅನ್ನುವ ಕಾಲುದಾರಿ ಹೊರಡುತ್ತದೆ. ಪೀಕೋ ಅಂದರೆ ಚಹಾದ ಒಂದು ದರ್ಜೆಯ ಹೆಸರು. ಒಟ್ಟು 300 ಕಿಲೋಮೀಟರಿಗೂ ಹೆಚ್ಚು ಉದ್ದ, 22 ಹಂತ. ಕ್ಯಾಂಡಿಯಿಂದ ಹೊರಟು ಹ್ಯಾಟನ್, ಹಪುತಳೆ, ಎಲ್ಲ ಕಡೆಯ ಗುಡ್ಡಗಳನ್ನು ಸುತ್ತಿ ನುವಾರಾ ಎಲಿಯಾದಲ್ಲಿ ಮುಗಿಯುತ್ತದೆ. ನಾವು ನಡೆದದ್ದು ಮೊದಲ ಎರಡು ಹಂತ ಮಾತ್ರ.

ಈ ದಾರಿಯಲ್ಲಿ ಹೊಸದಾಗಿ ಕಡಿದು ಮಾಡಿದ್ದು ಕಡಿಮೆ. ಬ್ರಿಟಿಷರ ಕಾಲದಲ್ಲಿ ಸೊಪ್ಪನ್ನು ಫ್ಯಾಕ್ಟರಿಗೆ, ಪುಡಿಯನ್ನು ಗಾಡಿಗೆ, ರೈಲಿಗೆ ಸಾಗಿಸಲು ಮಾಡಿದ್ದ ಎಸ್ಟೇಟ್ ದಾರಿಗಳನ್ನೇ ಒಂದಕ್ಕೊಂದು ಜೋಡಿಸಿ ಬೋರ್ಡು ಹಾಕಿದ್ದಾರೆ. ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಯಲ್ಲಿ ನಡೆದವರಿಗೆ ಕಾಲಿಗೆ ಗುರುತು ಸಿಗುತ್ತದೆ: ಏರು ಒಂದೇ ಹದ, ತಿರುವಿನಲ್ಲಿ ಕಲ್ಲಿನ ಮೋರಿ, ಮಳೆ ನೀರು ಹೋಗಲು ಅಡ್ಡ ಚರಂಡಿ. ಇಂಬಳವೂ ಇದೆ. ಬೇಸಿಗೆಯಾದ್ದರಿಂದ ನಮ್ಮ ಮೂವರಿಗೂ ಸೇರಿ ನಾಲ್ಕೇ ಕಚ್ಚಿದವು.

ವಿದೇಶಿ ಪ್ರವಾಸಿಗರು ಎದುರು ಸಿಕ್ಕರು. ದುಬಾರಿ ಬೂಟು, ಕೈಯಲ್ಲಿ ಎರಡೆರಡು ಕೋಲು. ಅದೇ ದಾರಿಯಲ್ಲಿ ತಲೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಚೀಲ ಇಳಿಬಿಟ್ಟ ಹೆಂಗಸರು ರಬ್ಬರ್ ಚಪ್ಪಲಿಯಲ್ಲಿ ನಮ್ಮನ್ನು ದಾಟಿ ಮುಂದೆ ಹೋದರು. ಅವರು ತಮ್ಮೊಳಗೆ ಮಾತಾಡುತ್ತಿದ್ದ ತಮಿಳಿನಲ್ಲಿ ‘ಕೊಳುಂದು’ ಅನ್ನುವ ಶಬ್ದ ಪದೇ ಪದೇ ಬರುತ್ತಿತ್ತು. ಚಹಾ ಗಿಡದ ಚಿಗುರಿಗೆ ಹಾಗನ್ನುತ್ತಾರೆ. ನಮ್ಮಲ್ಲೊಬ್ಬನ ಊರು ಹನೂರು ಕಡೆ, ಅವನಿಗೆ ತಮಿಳು ಮನೆಮಾತಿನಷ್ಟೇ ಸಲೀಸು. ಇಡೀ ಪ್ರಯಾಣದಲ್ಲಿ ನಮ್ಮ ಮೂವರ ಬಾಯಿ ಅವನೇ.

ಎರಡನೇ ದಿನ ಸೇರಿದ್ದು ಲೂಲ್‌ಕಂದುರ ಎಸ್ಟೇಟಿಗೆ. ಸಿಲೋನ್ ಚಹಾ ಅಂತ ಜಗತ್ತು ಕುಡಿಯುವ ಚಹಾದ ವ್ಯವಹಾರ ಹುಟ್ಟಿದ್ದು ಇಲ್ಲಿ. 1867ರಲ್ಲಿ ಜೇಮ್ಸ್ ಟೇಲರ್ ಅನ್ನುವ ಸ್ಕಾಟ್ಲೆಂಡಿನವನು 19 ಎಕರೆಯಲ್ಲಿ ಚಹಾ ಹಾಕಿದ. ಅವನು ಕೂರುತ್ತಿದ್ದ ಕಲ್ಲಿನ ಆಸನ ಇನ್ನೂ ಇದೆ, ಅಲ್ಲಿಂದ ಕಣಿವೆ ಪೂರ್ತಿ ಕಾಣುತ್ತದೆ.

ಅದಕ್ಕೂ ಮೊದಲು ಇಲ್ಲೆಲ್ಲ ಇದ್ದದ್ದು ಕಾಫಿ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಇಪ್ಪತ್ತು ವರ್ಷದೊಳಗೆ ಇಡೀ ದ್ವೀಪದ ಕಾಫಿ ಸಾಮ್ರಾಜ್ಯ ನೆಲಕ್ಕೆ ಬಿತ್ತು. ನಮ್ಮ ಕಾಫಿ ಬೆಳೆಗಾರರು ಮುಂಗಾರಿಗೆ ಮುಂಚೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಹೊಡೆಯುವುದು ಇದೇ ರೋಗಕ್ಕೆ. ಕಾಫಿ ಹೋಗಿ ಚಹಾ ಬಂತು. ಕಾಫಿಗೆ ಹಣ್ಣು ಕೊಯ್ಯುವ ಕಾಲಕ್ಕೆ ಮಾತ್ರ ಹೆಚ್ಚು ಜನ ಬೇಕು, ಚಹಾಕ್ಕೆ ವರ್ಷ ಪೂರ್ತಿ ಚಿಗುರು ಕೀಳುವ ಕೈ ಬೇಕು. ಹಾಗಾಗಿ ಬಂದವರು ವಾಪಸು ಹೋಗುವುದು ನಿಂತು ಗುಡ್ಡದಲ್ಲೇ ಸಂಸಾರ ಹೂಡಿದರು.

ಬಂದವರು ಎಲ್ಲಿಂದ? ತಮಿಳುನಾಡಿನ ಬರಗಾಲದ ಜಿಲ್ಲೆಗಳಿಂದ. ಕಂಗಾಣಿ ಅನ್ನುವವನು, ನಮ್ಮ ತೋಟದ ಮೇಸ್ತ್ರಿಯ ಹಾಗೆ, ಮುಂಗಡ ಕೊಟ್ಟು ಊರಿಂದ ಆಳುಗಳನ್ನು ಕರೆತರುತ್ತಿದ್ದ. ದೋಣಿಯಲ್ಲಿ ಮನ್ನಾರ್ ಕರಾವಳಿಗೆ ಇಳಿದು, ಅಲ್ಲಿಂದ ಕಾಡಿನಲ್ಲಿ ಮಾತಳೆವರೆಗೆ ನಡಿಗೆ. ಕಾಲರಾ, ಮಲೇರಿಯಾ, ಹಸಿವು. ದಾರಿಯಲ್ಲೇ ಸತ್ತವರು ಅಸಂಖ್ಯ. 2023ಕ್ಕೆ ಈ ಜನ ಲಂಕೆಗೆ ಬಂದು 200 ವರ್ಷ ಆಯಿತು ಅಂತ ಅವರ ಮೊಮ್ಮಕ್ಕಳು, ಮರಿಮಕ್ಕಳು ತಲೈಮನ್ನಾರ್‌ನಿಂದ ಮಾತಳೆವರೆಗೆ ಅದೇ ದಾರಿಯಲ್ಲಿ ಮತ್ತೆ ನಡೆದರು. ಲಂಕೆಯ ನಡಿಗೆ ದಾರಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಪ್ರಕಾರ ಅದೇ.

ಇನ್ನು ಅಜ್ಜಿಯ ಕಥೆ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

1948ರಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಬಂದ ಪೌರತ್ವ ಕಾನೂನು, ಅಪ್ಪನೂ ಇಲ್ಲೇ ಹುಟ್ಟಿದ್ದಕ್ಕೆ ದಾಖಲೆ ತನ್ನಿ ಅಂತ ಕೇಳಿತು. ತೋಟದ ಲೈನಿನಲ್ಲಿ ಹುಟ್ಟಿದವರ ಹತ್ತಿರ ಯಾವ ದಾಖಲೆ? ಲಕ್ಷಾಂತರ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಓಟೂ ಹೋಯಿತು. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ ಕೂತು ಒಂದು ಒಪ್ಪಂದಕ್ಕೆ ಬಂದರು. ಒಟ್ಟು ಜನ 9,75,000. ಭಾರತಕ್ಕೆ 5,25,000, ಲಂಕೆಗೆ 3,00,000. ಉಳಿದ 1,50,000 ಜನರನ್ನು 1974ರಲ್ಲಿ ಇಂದಿರಾ ಗಾಂಧಿ ಕಾಲದಲ್ಲಿ ಅರ್ಧರ್ಧ ಹಂಚಿದರು.

ಕೊಟ್ಟಿಗೆಯ ದನ ಪಾಲು ಮಾಡುವಾಗಲೂ ಕರುವನ್ನು ತಾಯಿಯ ಜೊತೆ ಬಿಡುತ್ತೇವೆ. ಇಲ್ಲಿ ಅರ್ಜಿಯಲ್ಲಿ ಬರೆದ ದೇಶದ ಹೆಸರು ನೋಡಿ ಅಕ್ಕನನ್ನು ಒಂದು ಕಡೆ, ತಂಗಿಯನ್ನು ಇನ್ನೊಂದು ಕಡೆ ಮಾಡಿದರು. ಅಜ್ಜಿಯ ಗಂಡನ ಮನೆಯವರು ಭಾರತಕ್ಕೆ ಅರ್ಜಿ ಹಾಕಿದ್ದರು, ಅಕ್ಕನ ಗಂಡನ ಮನೆಯವರು ಸಿಲೋನಿಗೆ. ಅಜ್ಜಿ ಅಲ್ಲಿಯವರೆಗೆ ಭಾರತವನ್ನು ಕಂಡವರೇ ಅಲ್ಲ. ಅವರ ಅಮ್ಮನೂ ಕಂಡಿರಲಿಲ್ಲ. ಹ್ಯಾಟನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ತಲೈಮನ್ನಾರ್, ಅಲ್ಲಿಂದ ಹಡಗಿನಲ್ಲಿ ರಾಮೇಶ್ವರ, ಮಂಡಪಂ ಕ್ಯಾಂಪು. ರೈಲಿಗೆ ಅಜ್ಜಿ ಈಗಲೂ ಲಂಕೆಯವರ ಹಾಗೆ ‘ಕೋಚ್ಚಿ’ ಅನ್ನುತ್ತಾರೆ. ‘ಕೋಚ್ಚಿ ಹೊರಟಾಗ ಒಳಗೂ ಅಳು, ಹೊರಗೂ ಅಳು. ಸಿಳ್ಳೆ ಹಾಕಿದ್ದೇ ಕೇಳಲಿಲ್ಲ’ ಅಂತ ಹೇಳಿದ್ದರು.

ಹಾಗೆ ಬಂದವರಲ್ಲಿ ಹೆಚ್ಚಿನವರು ತಮಿಳುನಾಡಿನಲ್ಲಿ ಉಳಿದರು, ನೀಲಗಿರಿಯ ಸರಕಾರಿ ಚಹಾ ತೋಟಗಳು ಶುರುವಾದದ್ದೇ ಇವರಿಗಾಗಿ. ಕೆಲವರು ಕೇರಳದ ಪುನಲೂರಿಗೆ, ಕೆಲವರು ಆಂಧ್ರಕ್ಕೆ. ಕರ್ನಾಟಕದ ಪಾಲಿಗೆ ಬಂದವರಿಗೆ ಸಿಕ್ಕಿದ್ದು ದಕ್ಷಿಣ ಕನ್ನಡದ ಸರಕಾರಿ ರಬ್ಬರ್ ತೋಟ. ಚಿಗುರು ಕಿತ್ತ ಕೈಗಳು ರಬ್ಬರ್ ಕತ್ತಿ ಹಿಡಿದವು.

ನಾವು ಕ್ಯಾಂಡಿಯಿಂದ ರೈಲಿನಲ್ಲಿ ಹೋಗಿ ಅದೇ ಹ್ಯಾಟನ್ ಸ್ಟೇಷನ್ನಿನಲ್ಲಿ ಇಳಿದೆವು. ಚಿಕ್ಕ ಸ್ಟೇಷನ್ನು. ಶ್ರೀಪಾದಕ್ಕೆ ಹೋಗುವ ಯಾತ್ರಿಕರು ಬಿಳಿ ಬಟ್ಟೆಯಲ್ಲಿ, ಬೆನ್ನಿಗೆ ಕಂಬಳಿ ಸುತ್ತಿಕೊಂಡು ತುಂಬಿದ್ದರು. ಹೊರಗೆ ನಿಂತ ಬಸ್ಸು ಮಸ್ಕೆಲಿಯಾ ಮೇಲೆ ನಲ್ಲತಣ್ಣಿಗೆ ಹೋಗುವುದು.

ಮಸ್ಕೆಲಿಯಾ ಪಟ್ಟಣ ಈಗ ಇರುವಲ್ಲಿ ಮುಂಚೆ ಇರಲಿಲ್ಲ. 1960ರ ದಶಕದ ಕೊನೆಗೆ ವಿದ್ಯುತ್ತಿಗಾಗಿ ಮೌಸ್ಸಾಕೆಲ್ಲೆ ಅಣೆಕಟ್ಟು ಕಟ್ಟಿದಾಗ ಹಳೇ ಪಟ್ಟಣ ಮುಳುಗಿತು. ಅಂಗಡಿ ಬೀದಿ, ಕೋವಿಲು, ಬುದ್ಧ ವಿಹಾರ, ಮಸೀದಿ ಎಲ್ಲವೂ ನೀರೊಳಗೆ. ಬೇಸಿಗೆಯಲ್ಲಿ ನೀರು ಇಳಿದರೆ ಅವು ಮೇಲೆ ಕಾಣುತ್ತವೆ. ಶರಾವತಿ ಹಿನ್ನೀರಿನಲ್ಲಿ ಮಡೆನೂರು ಅಣೆಕಟ್ಟು ಕಾಣುತ್ತದಲ್ಲ, ಹಾಗೆ. ಅಜ್ಜಿಗೆ ಆ ಕೋವಿಲಿನ ಜಾತ್ರೆ ನೆನಪಿತ್ತು. ‘ನೀರು ಇಳಿದಿದ್ದರೆ ಫೋಟೊ ತೆಗೆಯಿರಿ’ ಅಂದಿದ್ದರು.

ನೀರು ಇಳಿದಿತ್ತು. ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹತ್ತಿರ ಹೋದೆವು. ಗಾರೆ ಕಳಚಿದ ಗೋಡೆ, ಪಾಚಿ ಒಣಗಿ ಬೂದಿ ಬಣ್ಣ. ಅದರ ಮುಂದೆ ಯಾರೋ ಇತ್ತೀಚೆಗೆ ಕರ್ಪೂರ ಹಚ್ಚಿದ ಕಪ್ಪು ಗುರುತು, ಅರ್ಧ ತೆಂಗಿನಕಾಯಿ. ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಭೂಮಿಗೆ ಬರುವ ದೇವರಿಗೂ ಭಕ್ತರು ತಪ್ಪಿಲ್ಲ.

ಎಸ್ಟೇಟಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿನವರಿಗೆ ತೊಂದರೆ ಆಗಬಾರದು. ರಸ್ತೆಯಿಂದ ಚಹಾ ಗಿಡಗಳ ನಡುವೆ ಮುಕ್ಕಾಲು ಗಂಟೆ ಏರಿದರೆ ಮೇಲಿನ ಡಿವಿಷನ್. ಉದ್ದಕ್ಕೆ ಒಂದೇ ಮಾಡು, ಅದರಡಿ ಹತ್ತು ಹನ್ನೆರಡು ಬಾಗಿಲು. ಅಲ್ಲಿ ಇದಕ್ಕೆ ‘ಲಯಂ’ ಅನ್ನುತ್ತಾರೆ, ನಮ್ಮ ಕಾಫಿ ತೋಟದ ಲೈನ್ ಮನೆಯೇ. ಹತ್ತಡಿಗೆ ಹನ್ನೆರಡಡಿ ಒಂದು ಕೋಣೆ, ಮುಂದೆ ಒಂದು ಕಿರಿದಾದ ಜಗುಲಿ. ಬ್ರಿಟಿಷರ ಕಾಲದ ತಗಡಿನ ಮೇಲೆ ಟಯರು, ಕಲ್ಲು ಹೇರಿದ್ದಾರೆ ಗಾಳಿಗೆ ಹಾರದಂತೆ.

ಚೀಟಿಯಲ್ಲಿದ್ದ ಹೆಸರು ಹೇಳಿದ ಕೂಡಲೇ ಮಕ್ಕಳು ಓಡಿ ಹೋಗಿ ಒಬ್ಬರನ್ನು ಕರೆತಂದರು. ಐವತ್ತು ದಾಟಿದ ಹೆಂಗಸು, ಕೊಳುಂದು ಕಿತ್ತು ಆಗಷ್ಟೇ ಬಂದವರು, ಬೆರಳ ತುದಿ ಕಪ್ಪು. ಅಜ್ಜಿಯ ಅಕ್ಕನ ಮಗಳು. ಅಕ್ಕ ತೀರಿಕೊಂಡು ಹನ್ನೊಂದು ವರ್ಷ ಆಗಿತ್ತು.

ನಮ್ಮ ಹನೂರಿನ ಗೆಳೆಯ ಅಜ್ಜಿಯ ಫೋಟೊ ತೋರಿಸಿದ. ಆ ಅಕ್ಕ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಮೂಗು ನಮ್ಮಮ್ಮನದೇ’ ಅಂದರು. ಒಳಗೆ ಹೋಗಿ ಪ್ಲೇನ್ ಟೀ ತಂದರು. ಅಂದರೆ ಹಾಲು ಹಾಕದ ಕೆಂಪು ಚಹಾ. ಜೊತೆಗೆ ರೊಟ್ಟಿ, ತೆಂಗಿನಕಾಯಿ ಸಂಬೋಲು. ಚಹಾ ಚೆನ್ನಾಗಿದೆ ಅಂದದ್ದಕ್ಕೆ ನಕ್ಕರು. ‘ಇದು ಡಸ್ಟ್. ಒಳ್ಳೆಯದು ಹಡಗಿಗೆ ಹೋಗುತ್ತದೆ.’

ಲೈನಿನಲ್ಲಿ ಸಿಗ್ನಲ್ ಇರಲಿಲ್ಲ. ಅವರ ಮಗ, ಮಸ್ಕೆಲಿಯಾದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ಎಲ್ಲರನ್ನೂ ಗುಡ್ಡದ ಮೇಲೆ ಒಂದು ಸಿಲ್ವರ್ ಮರದ ಬುಡಕ್ಕೆ ಕರೆದೊಯ್ದ. ಅಲ್ಲಿ ಎರಡು ಕಡ್ಡಿ ಬರುತ್ತದೆ. ಸುಳ್ಯದಲ್ಲಿ ಗೆಳತಿ ಫೋನ್ ಎತ್ತಿ ಅಜ್ಜಿಯ ಮುಂದೆ ಹಿಡಿದಳು.

‘ಸಿನ್ನಮ್ಮಾ’ ಅಂದರು ಇವರು. ಚಿಕ್ಕಮ್ಮ ಅಂತ.

ಅತ್ತದ್ದು ಸ್ವಲ್ಪ ಹೊತ್ತು. ಆಮೇಲೆ ಯಾರು ಯಾರು ಸತ್ತರು ಅನ್ನುವ ಪಟ್ಟಿ. ಅದು ಮುಗಿದ ಮೇಲೆ ಇಬ್ಬರೂ ಕೂಲಿಯ ವಿಚಾರಕ್ಕೆ ಬಂದರು. ದಿನಕ್ಕೆ ಹೆಚ್ಚುಕಡಿಮೆ 18 ಕಿಲೋ ಕಿತ್ತರೆ ಪೂರ್ತಿ ಕೂಲಿ, 1,000 ಶ್ರೀಲಂಕಾ ರೂಪಾಯಿ. ನಮ್ಮ ದುಡ್ಡಿನಲ್ಲಿ ಆಗ 270 ರೂಪಾಯಿ ಆಸುಪಾಸು. ವರ್ಷಗಟ್ಟಲೆ ಮುಷ್ಕರ ಮಾಡಿ 2021ರಲ್ಲಿ ಸಿಕ್ಕ ಸಾವಿರ ಅದು, 2022ರ ಬೆಲೆ ಏರಿಕೆಯಲ್ಲಿ ಅದರ ಬೆಲೆಯೇ ಹೋಯಿತು. (ನಾವು ಬಂದ ಮೇಲೆ, ಅದೇ ವರ್ಷ 1,350 ಮಾಡಿದರು.) ಅಜ್ಜಿ ತಮ್ಮ ಕಾಲದ ಟ್ಯಾಪಿಂಗ್ ಕೂಲಿ ಹೇಳಿದರು. ಮನೆ ಯಾರ ಹೆಸರಲ್ಲಿದೆ ಅಂತ ಇವರು ಕೇಳಿದರು. ‘ತೋಟದ್ದು’ ಅಂದರು ಅಜ್ಜಿ. ‘ನಮ್ಮದೂ ತೋಟದ್ದೇ’ ಅಂದರು ಇವರು.

ನಾವು ಮೂವರು ಮುಖ ಮುಖ ನೋಡಿಕೊಂಡೆವು. ಎರಡು ದೇಶ, ಎರಡು ಒಪ್ಪಂದ, ಐದು ದಶಕ. ಹೋದವರಿಗೂ ಉಳಿದವರಿಗೂ ತಮ್ಮ ಹೆಸರಿನ ಮನೆ ಇಲ್ಲ. ಲಂಕೆಯಲ್ಲಿ 2003ರ ಕಾನೂನಿನಿಂದ ಉಳಿದವರಿಗೆಲ್ಲ ಪೌರತ್ವ ಬಂದಿದೆ, ಓಟು ಇದೆ. ಸುಳ್ಯದಲ್ಲೂ ಓಟಿದೆ. ಜಾಗದ ಕಾಗದ ಮಾತ್ರ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಈ ವಿಷಯದ ಮೇಲೆ ನಾವು ಬೇರೆಯೇ ವರದಿ ಬರೆಯುತ್ತಿದ್ದೇವೆ, ಅದರಲ್ಲಿ ಇಲ್ಲಿನ ತೋಟದ ನಿವೃತ್ತರ ಜೊತೆ ಮಾತಾಡಿದ್ದನ್ನು ಹಾಕುತ್ತೇವೆ.

ಫೋನ್ ಇಡುವ ಮುಂಚೆ ಅಜ್ಜಿ ನಮ್ಮ ಹತ್ತಿರ ಕೇಳಿದ್ದು, ‘ಮಲೆ ಹತ್ತುತ್ತೀರಲ್ಲ?’

ಮಲೆ ಅಂದರೆ ಶ್ರೀಪಾದ. 2,243 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ 300 ಮೀಟರಿನಷ್ಟು ಎತ್ತರ. ನೆತ್ತಿಯ ಬಂಡೆಯ ಮೇಲೆ ಹೆಜ್ಜೆಯ ಗುರುತಿದೆ. ಬೌದ್ಧರು ಅದನ್ನು ಬುದ್ಧನ ಪಾದ ಅನ್ನುತ್ತಾರೆ, ತಮಿಳರು ಶಿವನದು ಅನ್ನುತ್ತಾರೆ, ಅವರ ಬಾಯಲ್ಲಿ ಬೆಟ್ಟದ ಹೆಸರು ಸಿವನೊಳಿಪಾದಮಲೈ. ಸ್ವರ್ಗದಿಂದ ಇಳಿದ ಆದಮನ ಹೆಜ್ಜೆ ಅಂತ ಮುಸ್ಲಿಮರು, ಕ್ರೈಸ್ತರು ನಂಬುತ್ತಾರೆ. ಸಂತ ತೋಮನದು ಅನ್ನುವ ಕ್ರೈಸ್ತರೂ ಇದ್ದಾರೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ 1344ರಲ್ಲಿ ಇದನ್ನು ಹತ್ತಿ ಬರೆದಿಟ್ಟಿದ್ದಾನೆ. ಈಗ ಮೇಲೆ ನಡೆಯುವ ಪೂಜೆ ಬೌದ್ಧರದು, ಆದರೆ ಹತ್ತುವವರನ್ನು ಯಾರೂ ಯಾವ ಧರ್ಮ ಅಂತ ಕೇಳುವುದಿಲ್ಲ.

ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆವರೆಗೆ ಯಾತ್ರೆಯ ಕಾಲ. ಉಳಿದ ತಿಂಗಳು ಮಳೆ, ಗಾಳಿ, ದಾರಿದೀಪವೂ ಇರುವುದಿಲ್ಲ. ನಲ್ಲತಣ್ಣಿಯಿಂದ, ಅಂದರೆ ‘ಒಳ್ಳೆ ನೀರು’ ಅನ್ನುವ ಊರಿನಿಂದ, ಸುಮಾರು 5,500 ಮೆಟ್ಟಿಲು. ಜನ ರಾತ್ರಿ ಹೊರಟು ಸೂರ್ಯೋದಯಕ್ಕೆ ಮೇಲೆ ಮುಟ್ಟುತ್ತಾರೆ.

ಆ ಅಕ್ಕನ ಮಗನೂ ನಮ್ಮ ಜೊತೆ ಹೊರಟ. ಅವನಿಗೆ ಒಂಬತ್ತನೇ ಸಲ. ರಾತ್ರಿ ಒಂದೂವರೆಗೆ ಶುರು ಮಾಡಿದೆವು. ತಲೆ ಎತ್ತಿದರೆ ದೀಪದ ಸಾಲು ಕತ್ತಲಲ್ಲಿ ಮೇಲೆ ಮೇಲೆ ಹೋಗಿ ನಕ್ಷತ್ರದ ಜೊತೆ ಸೇರಿಬಿಡುತ್ತದೆ, ಯಾವುದು ಬಲ್ಬು ಯಾವುದು ನಕ್ಷತ್ರ ಗೊತ್ತಾಗುವುದಿಲ್ಲ. ಎಷ್ಟು ದೂರ ಇದೆ ಅಂತ ಕಣ್ಣೆದುರೇ ಕಾಣುವುದರಿಂದ ಕಾಲು ಇನ್ನಷ್ಟು ಸೋಲುತ್ತದೆ. ಆದ್ದರಿಂದ ನಮ್ಮ ಸಲಹೆ, ಮೇಲೆ ನೋಡಬೇಡಿ.

ಶುರುವಿನಲ್ಲಿ ಸಲೀಸು. ಜಪಾನಿನ ಭಿಕ್ಷುಗಳ ಪಂಥವೊಂದು ಕಟ್ಟಿಸಿದ ಬಿಳಿ ಶಾಂತಿ ಸ್ತೂಪ ದಾಟುತ್ತದೆ. ಸೀತಗಂಗುಲ ಅನ್ನುವ ತೊರೆಯಲ್ಲಿ ಯಾತ್ರಿಕರು ಮುಖ, ಕಾಲು ತೊಳೆಯುತ್ತಾರೆ. ಆಮೇಲೆ ಮೆಟ್ಟಿಲು ಕಡಿದಾಗುತ್ತ ಹೋಗುತ್ತದೆ, ಮೊಣಕಾಲು ಎದೆಗೆ ಬಡಿಯುವ ಹಾಗೆ. ದಾರಿಯುದ್ದಕ್ಕೂ ಚಹಾ ಅಂಗಡಿ, ಮಿಠಾಯಿ, ಉಣ್ಣೆ ಟೋಪಿ. ಎಪ್ಪತ್ತು ದಾಟಿದ ಅಜ್ಜಿಯರು ಬರಿಗಾಲಲ್ಲಿ, ಒಂದೊಂದು ಮೆಟ್ಟಿಲಿಗೆ ನಿಂತು, ಪದ ಹೇಳುತ್ತ ಹತ್ತುತ್ತಿದ್ದರು. ಇಳಿಯುವವರು ಹತ್ತುವವರಿಗೆ ‘ಕರುಣಾವೈ’ ಅನ್ನುತ್ತಾರೆ, ಕರುಣೆ ಇರಲಿ ಅಂತ. ಅದು ನಮಗೂ ಅರ್ಥವಾಗುವ ಶಬ್ದವಾದ್ದರಿಂದ ನಾವೂ ತಿರುಗಿ ಹೇಳಿದೆವು. ಮೊದಲ ಸಲ ಹತ್ತುವವರಿಗೆ ಸಿಂಹಳದಲ್ಲಿ ಒಂದು ಹೆಸರೇ ಇದೆ, ‘ಕೋಡುಕಾರಯ’. ಶಬರಿಮಲೆಯ ಕನ್ನಿಸ್ವಾಮಿಯ ಹಾಗೆ. ಹುಡುಗ ದಾರಿಯುದ್ದಕ್ಕೂ ನಮ್ಮನ್ನು ಹಾಗೇ ಕರೆದು ರೇಗಿಸಿದ.

ಮೂರು ಗಂಟೆಯ ಹೊತ್ತಿಗೆ ನಮ್ಮಲ್ಲೊಬ್ಬಳು ಇನ್ನಾಗದು ಅಂತ ಅಂಗಡಿಯ ಬೆಂಚಿನ ಮೇಲೆ ಕೂತಳು. ಅಂಗಡಿಯಾತ ಸಿಂಹಳದವನು, ತಮಿಳು ಅಷ್ಟಕ್ಕಷ್ಟೆ. ಶುಂಠಿ ಹಾಕಿದ ಪ್ಲೇನ್ ಟೀ ಕೊಟ್ಟ. ಅವನ ಅಪ್ಪನೂ ಇಲ್ಲೇ ಅಂಗಡಿ ಇಡುತ್ತಿದ್ದನಂತೆ. ಸಕ್ಕರೆ, ಗ್ಯಾಸು, ನೀರಿನ ಬಾಟಲಿ ಎಲ್ಲವೂ ಹೊತ್ತೇ ತರಬೇಕು, ಹೊರುವವರಲ್ಲಿ ಸುತ್ತಲಿನ ತೋಟದ ಹುಡುಗರೇ ಜಾಸ್ತಿ ಅಂದ. ಮೇಲೆ ಹೋದ ಹಾಗೆ ಬಾಟಲಿಗೆ ರೇಟು ಏರುವುದು ಯಾಕೆ ಅಂತ ನಾವು ಮತ್ತೆ ಕೇಳಲಿಲ್ಲ.

ಕೊನೆಯ ಭಾಗದಲ್ಲಿ ಕಬ್ಬಿಣದ ಕಂಬಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಗಾಳಿ ಎಂದರೆ ಕಿವಿ ಕಿತ್ತು ಹೋಗುವ ಗಾಳಿ. ಮೇಲೆ ಚಪ್ಪಲಿ ಬಿಟ್ಟು ಒದ್ದೆ ಸಿಮೆಂಟಿನ ಮೇಲೆ ನಡೆಯುವಾಗ ಕಾಲಿಗೆ ಸ್ಪರ್ಶವೇ ಇರಲಿಲ್ಲ. ನಿಜವಾದ ಪಾದದ ಗುರುತು ಮುಚ್ಚಿದ ಕಲ್ಲಿನ ಅಡಿಯಲ್ಲಿದೆ, ನಮಗೆ ಕಾಣುವುದು ಅದರ ಮೇಲಿನ ಬಟ್ಟೆ, ಹೂವು, ದುಡ್ಡು.

ಸೂರ್ಯ ಬಂದಾಗ ಡೋಲು ಬಡಿದರು. ಜನ ಸೂರ್ಯನ ಕಡೆ ನೋಡಿ ‘ಸಾಧು ಸಾಧು’ ಅಂದರು. ಹುಡುಗ ನಮ್ಮನ್ನು ಎಳೆದುಕೊಂಡು ಹೋಗಿ ಹಿಂದಿನ ಕಡೆ ನಿಲ್ಲಿಸಿದ. ಪಶ್ಚಿಮಕ್ಕೆ, ಮಂಜಿನ ಮೇಲೆ, ಬೆಟ್ಟದ ನೆರಳು ಗೆರೆ ಎಳೆದ ಹಾಗೆ ಮೂರು ಮೂಲೆಯ ಗೋಪುರವಾಗಿ ಬಿದ್ದಿತ್ತು. ಕಾಲು ಗಂಟೆ ಕೂಡ ಇರಲಿಲ್ಲ, ಕುಗ್ಗಿ ಹೋಯಿತು.

ಅಲ್ಲೊಂದು ಗಂಟೆ ಇದೆ. ಎಷ್ಟು ಸಲ ಬೆಟ್ಟ ಹತ್ತಿದ್ದೀರೋ ಅಷ್ಟು ಸಲ ಬಾರಿಸಬೇಕು. ನಾವು ಒಂದೊಂದು ಸಲ. ಹುಡುಗ ಎಂಟು ಬಾರಿಸಿ, ನಿಂತು, ಒಂಬತ್ತನೆಯದು ಬಾರಿಸಿದ. ಆಮೇಲೆ ಇನ್ನೊಂದು.

ಲೆಕ್ಕ ತಪ್ಪಿತಲ್ಲಾ ಅಂತ ಕೇಳಿದೆವು. ‘ಇದು ಆ ಪಾಟಿದು. ಅಲ್ಲಿಂದ ಬಂದು ಹತ್ತೋಕಾಗಲ್ಲವಲ್ಲ’ ಅಂದ. ಆಮೇಲೆ ಕೆಳಗೆ ಬೆರಳು ತೋರಿಸಿದ. ಬಿಳಿ ಮಂಜು ಸರಿದ ಕಡೆ ಅಣೆಕಟ್ಟಿನ ನೀರು ಅಲ್ಯೂಮಿನಿಯಂ ತಗಡಿನ ಹಾಗೆ ಹೊಳೆಯುತ್ತಿತ್ತು, ಅದರ ಸುತ್ತ ಎಸ್ಟೇಟುಗಳು. ಅವನ ಲೈನು ಯಾವುದು ಅಂತ ಅವನಿಗೂ ಹೇಳಲು ಆಗಲಿಲ್ಲ, ಎಲ್ಲ ಮಾಡುಗಳೂ ಒಂದೇ ಥರ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮೊಣಕಾಲು ನೋವಿರುವವರು ಒಂದು ಕೋಲು ತೆಗೆದುಕೊಂಡು ಹೋಗಿ, ಬೆಚ್ಚಗಿನ ಬಟ್ಟೆ ಬೇಕೇ ಬೇಕು, ಹುಣ್ಣಿಮೆ ಮತ್ತು ಶನಿವಾರ ಭಾನುವಾರ ತಪ್ಪಿಸಿ. ಆ ದಿನಗಳಲ್ಲಿ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲಬೇಕಂತೆ.

ಒಂಬತ್ತು ಗಂಟೆಗೆ ಅಂಗಡಿ ತೆರೆಯಬೇಕು, ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ ಅಂತ ಹುಡುಗ ಎರಡೆರಡು ಮೆಟ್ಟಿಲು ಹಾರುತ್ತ ಇಳಿದ. ಐದು ನಿಮಿಷದಲ್ಲಿ ತಿರುವಿನಲ್ಲಿ ಮರೆಯಾದ. ನಾವು ಕಂಬಿ ಹಿಡಿದುಕೊಂಡು ನಲ್ಲತಣ್ಣಿ ಮುಟ್ಟುವಾಗ ಹನ್ನೊಂದೂವರೆ.